ಎಸ್‌ಎಟಿ ಅಂಕ ಕಡಿಮೆ ಬಂದಿದ್ದರೆ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವುದು ಹೇಗೆ?

"ಎಸ್‌ಎಟಿಯಲ್ಲಿ 1290 ಬಂದಿದೆ, ಅರ್ಜಿ ಹಾಕಬಹುದಾ?" ಅಕ್ಟೋಬರ್ ಬಂತೆಂದರೆ ಪಿಯು ವಿದ್ಯಾರ್ಥಿಗಳಿಂದ, ಅವರ ತಂದೆತಾಯಿಯರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಎಸ್‌ಎಟಿ ಎಂದರೆ ಅಮೆರಿಕದ ಕಾಲೇಜುಗಳು ಪದವಿ ಪ್ರವೇಶಕ್ಕೆ ನೋಡುವ ಪರೀಕ್ಷೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬರುವುದಿಲ್ಲ. ಅದೇ 1290 ಒಂದು ಕಾಲೇಜಿಗೆ ತೀರಾ ಕಡಿಮೆ, ಇನ್ನೊಂದಕ್ಕೆ ಸಾಕಾದಷ್ಟು. ಮತ್ತೊಂದು ಕಾಲೇಜು ಆ ಅಂಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆದ್ದರಿಂದ ಅಂಕ ಕಳಿಸಬೇಕೋ ಬೇಡವೋ ಎಂಬುದನ್ನು ಪ್ರತಿ ಕಾಲೇಜಿಗೂ ಬೇರೆ ಬೇರೆಯಾಗಿ, ಲೆಕ್ಕ ಹಾಕಿ ತೀರ್ಮಾನಿಸಬೇಕು. ಕಳಿಸುವುದಿಲ್ಲ ಎಂದಾದರೆ ಅರ್ಜಿಯಲ್ಲಿ ಅಷ್ಟು ಜಾಗ ಖಾಲಿ ಉಳಿಯುತ್ತದೆ. ಅಲ್ಲಿ ಬೇರೆ ಸಾಕ್ಷಿ ಇಡದೆ ಹೋದರೆ ಅಂಕ ಮುಚ್ಚಿಟ್ಟದ್ದರಿಂದ ಏನೂ ಲಾಭವಿಲ್ಲ. ಇದನ್ನು ಹಂತ ಹಂತವಾಗಿ ಮಾಡುವ ಬಗೆ ಕೆಳಗಿದೆ. ಬರೆದಿರುವುದು ಪದವಿ, ಅಂದರೆ ಪಿಯುಸಿ ನಂತರದ ನಾಲ್ಕು ವರ್ಷದ ಓದಿಗೆ ಮಾತ್ರ.

ಮೊದಲು ಕೈಯಲ್ಲಿರಬೇಕಾದದ್ದು

9ನೇ ತರಗತಿಯ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರಥಮ ಪಿಯುಸಿ ಅಂಕಪಟ್ಟಿ, ದ್ವಿತೀಯ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು. ಅಮೆರಿಕದವರು 9ರಿಂದ 12ರವರೆಗಿನ ನಾಲ್ಕೂ ವರ್ಷ ಕೇಳುತ್ತಾರೆ. ನಮ್ಮಲ್ಲಿ ಹೈಸ್ಕೂಲು ಒಂದು ಕಡೆ, ಪಿಯು ಇನ್ನೊಂದು ಕಡೆ ಆಗಿರುವುದರಿಂದ 9ನೇ ತರಗತಿಯ ಪಟ್ಟಿಗಾಗಿ ಹಳೆಯ ಶಾಲೆಗೆ ಹೋಗಬೇಕಾಗುತ್ತದೆ. ದಸರಾ ರಜೆಗೆ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ. ಇವುಗಳ ಜೊತೆಗೆ ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದಿಡಿ: ಕಾಲೇಜಿನ ಹೆಸರು, ಪರೀಕ್ಷೆಯ ನಿಯಮ, ಅಂಕದ ವ್ಯಾಪ್ತಿ, ಕೊನೆಯ ದಿನಾಂಕ, ಕಳಿಸುವೆ ಅಥವಾ ಕಳಿಸೆ. ಮುಂದಿನ ಎಲ್ಲ ಹಂತಗಳಲ್ಲೂ ಆ ಹಾಳೆಯನ್ನೇ ತುಂಬುತ್ತಾ ಹೋಗುತ್ತೀರಿ.

1. ನಿಮ್ಮ ಅಂಕ ನಿಜಕ್ಕೂ ಎಲ್ಲಿದೆ ಎಂದು ತಿಳಿದುಕೊಳ್ಳಿ

ಎಸ್‌ಎಟಿ 400ರಿಂದ 1600ರವರೆಗಿನ ಪರೀಕ್ಷೆ. ಇಂಗ್ಲಿಷ್ ಓದು-ಬರಹಕ್ಕೆ 800, ಗಣಿತಕ್ಕೆ 800. ಇದರ ಬದಲು ಎಸಿಟಿ ಬರೆಯಬಹುದು, ಅದಕ್ಕೆ 36 ಅಂಕ. 1350 ಬಂದವರು ಪರೀಕ್ಷೆ ಬರೆದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗಿಂತ ಮೇಲಿದ್ದಾರೆ. ಆದರೂ ಆಯ್ದು ತೆಗೆದುಕೊಳ್ಳುವ ಕಾಲೇಜುಗಳಲ್ಲಿ ಅದು ಕಡಿಮೆ ಅನ್ನಿಸಿಕೊಳ್ಳುತ್ತದೆ. ಅಂಥ ಕಾಲೇಜಿಗೆ ಹತ್ತು ಜನ ಅರ್ಜಿ ಹಾಕಿದರೆ ಒಬ್ಬರಿಗೂ ಸೀಟು ಖಾತ್ರಿಯಿಲ್ಲ, ಹಾಕುವವರೂ 1450ರ ಮೇಲಿನವರೇ ಹೆಚ್ಚು. ಹಾಗಾಗಿ "ಕಡಿಮೆ" ಎಂಬ ಮಾತನ್ನು ಯಾವ ಕಾಲೇಜಿಗೆ ಎಂದು ಸೇರಿಸಿಯೇ ಹೇಳಬೇಕು.

ಒಟ್ಟು ಅಂಕದ ಜೊತೆ ಎರಡು ಭಾಗಗಳನ್ನೂ ಬಿಡಿಸಿ ನೋಡಿ. 1330ರಲ್ಲಿ ಗಣಿತ 770, ಇಂಗ್ಲಿಷ್ 560 ಇರುವವರ ಸ್ಥಿತಿ ಬೇರೆ. ಗಣಿತ 650, ಇಂಗ್ಲಿಷ್ 680 ಇರುವವರದು ಬೇರೆ. ಮೊದಲನೆಯವರು ಎಂಜಿನಿಯರಿಂಗಿಗೆ ಹಾಕುವುದಾದರೆ ಇಂಗ್ಲಿಷಿನ ಕೊರತೆಯನ್ನು ಟೋಫೆಲ್, ಐಇಎಲ್‌ಟಿಎಸ್ ಅಥವಾ ಡ್ಯುಯೊಲಿಂಗೊ ಪರೀಕ್ಷೆಯ ಒಳ್ಳೆಯ ಅಂಕದಿಂದ ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದು. ಎರಡನೆಯವರು ಅದೇ ಎಂಜಿನಿಯರಿಂಗಿಗೆ ಹಾಕಿದರೆ ಕಷ್ಟ. ಭಾರತದಿಂದ ಹೋಗುವ ಅರ್ಜಿಗಳಲ್ಲಿ ಗಣಿತ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ, ಹೋಲಿಕೆ ನಡೆಯುವುದೂ ಆ ಅರ್ಜಿಗಳ ಜೊತೆಯೇ.

2. ಮತ್ತೊಮ್ಮೆ ಬರೆಯಲು ಸಮಯವಿದೆಯೇ ನೋಡಿ

ಮೊದಲ ಸಲದ ಅಂಕ ನೋಡಿಯೇ ಕೈಚೆಲ್ಲಬೇಡಿ. ಬಹಳಷ್ಟು ಕಾಲೇಜುಗಳು ಸೂಪರ್‌ಸ್ಕೋರ್ ಲೆಕ್ಕ ಹಿಡಿಯುತ್ತವೆ. ಅಂದರೆ ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಪ್ರತಿ ಭಾಗದ ಅತಿ ಹೆಚ್ಚಿನ ಅಂಕ ಆರಿಸಿ ಕೂಡಿಸುತ್ತವೆ. ಆಗಸ್ಟಿನಲ್ಲಿ ಇಂಗ್ಲಿಷ್ 620, ಗಣಿತ 760. ಅಕ್ಟೋಬರಿನಲ್ಲಿ ಇಂಗ್ಲಿಷ್ 690, ಗಣಿತ 740 ಬಂದಿದ್ದರೆ ಒಟ್ಟು 1380 ಮತ್ತು 1430. ಸೂಪರ್‌ಸ್ಕೋರ್ 690 ಮತ್ತು 760 ಸೇರಿ 1450. ಎರಡನೇ ಸಲ ಒಂದೇ ಭಾಗದ ಮೇಲೆ ಜೋರಾಗಿ ತಯಾರಿ ನಡೆಸಬಹುದು ಎಂದಾಯಿತು.

ಈಗಿನ ಎಸ್‌ಎಟಿ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಭಾರತದಂಥ ದೇಶಗಳಲ್ಲಿ 2023ರ ಮಾರ್ಚಿನಿಂದ ಈ ಪದ್ಧತಿ ಇದೆ. 2 ಗಂಟೆ 14 ನಿಮಿಷ, ಒಟ್ಟು 98 ಪ್ರಶ್ನೆ. ಇಂಗ್ಲಿಷಿಗೆ 27 ಪ್ರಶ್ನೆಗಳ ಎರಡು ಸುತ್ತು, ಸುತ್ತಿಗೆ 32 ನಿಮಿಷ. ಗಣಿತಕ್ಕೆ 22 ಪ್ರಶ್ನೆಗಳ ಎರಡು ಸುತ್ತು, ಸುತ್ತಿಗೆ 35 ನಿಮಿಷ. ಮೊದಲ ಸುತ್ತು ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೇ ಸುತ್ತಿನ ಕಷ್ಟದ ಮಟ್ಟ ನಿಗದಿಯಾಗುತ್ತದೆ. ಮೊದಲ ಸುತ್ತು ಕೆಟ್ಟರೆ ಸುಲಭದ ಎರಡನೇ ಸುತ್ತು ಸಿಗುತ್ತದೆ, ಅದನ್ನು ಪೂರ್ತಿ ಸರಿ ಮಾಡಿದರೂ ಅಂಕ ಒಂದು ಮಿತಿಗಿಂತ ಮೇಲೇರುವುದಿಲ್ಲ. ಮೊದಲ ಸುತ್ತಿನಲ್ಲಿ ಅವಸರ ಬೇಡ ಎನ್ನುವುದು ಇದಕ್ಕೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ನಮ್ಮ ಮಕ್ಕಳು ಸೋಲುವ ಜಾಗ ಎರಡು. ಗಣಿತದಲ್ಲಿ ಪರೀಕ್ಷೆಯ ತೆರೆಯಲ್ಲೇ ಡೆಸ್ಮೋಸ್ ಎಂಬ ಗ್ರಾಫ್ ಕ್ಯಾಲ್ಕುಲೇಟರ್ ಇರುತ್ತದೆ. ಪಿಯುನಲ್ಲಿ ಕ್ಯಾಲ್ಕುಲೇಟರ್ ಮುಟ್ಟಿಯೇ ಇಲ್ಲದ ಅಭ್ಯಾಸಕ್ಕೆ ಎಲ್ಲವನ್ನೂ ಕೈಯಲ್ಲೇ ಬಿಡಿಸುತ್ತಾ ಕೂತು ಸಮಯ ಕಳೆಯುತ್ತಾರೆ. ಎರಡು ಸಮೀಕರಣ ಟೈಪ್ ಮಾಡಿದರೆ ಗೆರೆಗಳು ಕೂಡುವ ಬಿಂದು ತೆರೆಯ ಮೇಲೇ ಕಾಣುತ್ತದೆ. ಎರಡು ವಾರ ದಿನಕ್ಕೆ ಅರ್ಧ ಗಂಟೆ ಅದರಲ್ಲಿ ಕೈ ಪಳಗಿಸಿ. ಇನ್ನೊಂದು, ಇಂಗ್ಲಿಷಿನಲ್ಲಿ ಸಮಯ ಹಂಚಿಕೆ. ಪ್ರತಿ ಸುತ್ತಿನಲ್ಲಿ ಮೊದಲು ಪದದ ಅರ್ಥ ಮತ್ತು ಓದಿ ಗ್ರಹಿಸುವ ಪ್ರಶ್ನೆಗಳು, ಆಮೇಲೆ ವ್ಯಾಕರಣ, ಕೊನೆಗೆ ವಾಕ್ಯ ಜೋಡಣೆ. ವ್ಯಾಕರಣದ ಪ್ರಶ್ನೆಗಳು ನಿಯಮ ಕಲಿತರೆ ಖಚಿತವಾಗಿ ಬರುವಂಥವು: ಅಲ್ಪವಿರಾಮ, ಅರ್ಧವಿರಾಮ, ಕರ್ತೃಪದಕ್ಕೆ ಹೊಂದುವ ಕ್ರಿಯಾಪದ, ಕಾಲ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಕಷ್ಟದ ಪ್ರಶ್ನೆಗಳಲ್ಲೇ ಸಿಕ್ಕಿಕೊಂಡು ಈ ಸುಲಭದ ಅಂಕಗಳನ್ನು ಮುಟ್ಟದೇ ಬಿಡುತ್ತಾರೆ. ಸುತ್ತಿನೊಳಗೆ ಪ್ರಶ್ನೆಯಿಂದ ಪ್ರಶ್ನೆಗೆ ಹಾರಲು ಅವಕಾಶವಿದೆ. ವ್ಯಾಕರಣ ಮುಗಿಸಿಕೊಂಡು ಹಿಂದಕ್ಕೆ ಬನ್ನಿ.

ಅಭ್ಯಾಸಕ್ಕೆ ಬ್ಲೂಬುಕ್ ಎಂಬ ಅಧಿಕೃತ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳಿವೆ, ಖಾನ್ ಅಕಾಡೆಮಿಯಲ್ಲಿ ಪಾಠಗಳಿವೆ. ಎರಡೂ ಉಚಿತ. ವಿದೇಶದಿಂದ ಬರೆಯುವವರಿಗೆ ಒಂದು ಸಲದ ಪರೀಕ್ಷಾ ಶುಲ್ಕವೇ 100 ಡಾಲರ್ ದಾಟುತ್ತದೆ. ಮಾದರಿ ಪರೀಕ್ಷೆಯಲ್ಲಿ ಹಿಂದಿನದಕ್ಕಿಂತ 50 ಅಂಕವಾದರೂ ಹೆಚ್ಚು, ಅದೂ ಸತತ ಎರಡು ಸಲ ಬಂದರೆ ಮಾತ್ರ ಮತ್ತೆ ದುಡ್ಡು ಕಟ್ಟಿ. ಮೂರನೇ ಸಲದ ನಂತರ ಅದೇ ಸಮಯವನ್ನು ಪಿಯು ಓದಿಗೆ ಕೊಡುವುದು ಮೇಲು. ಬೇಗ ಹಾಕುವವರ (8ನೇ ಹಂತ ನೋಡಿ) ನವೆಂಬರ್ ಮೊದಲ ವಾರದ ಗಡುವಿಗೆ ಅಕ್ಟೋಬರ್ ಪರೀಕ್ಷೆ ಕೊನೆಯದು, ಉಳಿದವರ ಜನವರಿ ಗಡುವಿಗೆ ಡಿಸೆಂಬರಿನದು.

ಎಚ್ಚರಿಕೆ: ಪರೀಕ್ಷೆಗೆ ನೋಂದಾಯಿಸುವಾಗ "ನಾಲ್ಕು ಕಾಲೇಜುಗಳಿಗೆ ಅಂಕ ಉಚಿತವಾಗಿ ಕಳಿಸುತ್ತೇವೆ" ಎಂಬ ಅವಕಾಶ ತೋರಿಸುತ್ತದೆ. ಉಚಿತ ಎಂದು ಹೆಸರು ತುಂಬಬೇಡಿ. ಈ ಸೌಲಭ್ಯ ಪರೀಕ್ಷೆಯಾದ 9 ದಿನದವರೆಗೆ ಮಾತ್ರ, ಫಲಿತಾಂಶ ಬರುವುದು ಸುಮಾರು ಎರಡು ವಾರಕ್ಕೆ. ಅಂದರೆ ಅಂಕ ನೀವು ನೋಡುವ ಮೊದಲೇ ಕಾಲೇಜಿಗೆ ಹೊರಟುಹೋಗಿರುತ್ತದೆ.

3. ಕಾಲೇಜುಗಳನ್ನು ನಾಲ್ಕು ಗುಂಪು ಮಾಡಿ

ಕೊರೊನಾ ಬಂದ 2020ರಲ್ಲಿ ಬಹುತೇಕ ಎಲ್ಲ ಕಾಲೇಜುಗಳೂ ಅಂಕದ ಕಡ್ಡಾಯ ಬಿಟ್ಟಿದ್ದವು. ಆ ದಿನಗಳ ಸಲಹೆಯನ್ನೇ ಈಗಲೂ ನಂಬಿ ಮೋಸಹೋಗುವವರು ಬಹಳ ಜನ.

ಕಡ್ಡಾಯ ಗುಂಪು: ಇಲ್ಲಿ ಅಂಕ ಕೊಡದೆ ಅರ್ಜಿಯೇ ಪೂರ್ಣವಾಗುವುದಿಲ್ಲ. ಎಂಐಟಿ 2022ರಲ್ಲಿ ಕಡ್ಡಾಯವನ್ನು ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಗಳೂ ಅದೇ ದಾರಿ ಹಿಡಿದವು. ಜಾರ್ಜ್‌ಟೌನ್ ಕೂಡ ಕೇಳುತ್ತದೆ. ಅಂಕ ತೀರಾ ಕಡಿಮೆಯಿದ್ದರೆ ಈ ಗುಂಪಿನಿಂದ ಒಂದಕ್ಕಿಂತ ಹೆಚ್ಚು ಕಾಲೇಜು ಪಟ್ಟಿಯಲ್ಲಿ ಇಟ್ಟುಕೊಳ್ಳಬೇಡಿ.

ಬದಲಿ ಒಪ್ಪುವ ಗುಂಪು, ಅವರ ಮಾತಿನಲ್ಲಿ ಟೆಸ್ಟ್ ಫ್ಲೆಕ್ಸಿಬಲ್: ಯೇಲ್ 2024ರಲ್ಲಿ ಈ ನಿಯಮ ಪ್ರಕಟಿಸಿತು. ಎಸ್‌ಎಟಿ, ಎಸಿಟಿ, ಎಪಿ, ಐಬಿ ಈ ನಾಲ್ಕರಲ್ಲಿ ಯಾವುದಾದರೂ ಒಂದರ ಅಂಕ ಕೊಡಬಹುದು. ಎಪಿ ಎಂದರೆ ಒಂದೊಂದು ವಿಷಯಕ್ಕೆ ಪ್ರತ್ಯೇಕವಾಗಿ ನಡೆಯುವ ಕಾಲೇಜು ಮಟ್ಟದ ಪರೀಕ್ಷೆ, 5ಕ್ಕೆ ಅಂಕ. ಐಬಿ ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಕೆಲವು ಇಂಟರ್‌ನ್ಯಾಷನಲ್ ಶಾಲೆಗಳ ಪಠ್ಯಕ್ರಮ.

ಐಚ್ಛಿಕ ಗುಂಪು, ಟೆಸ್ಟ್ ಆಪ್ಷನಲ್: ಕೊಡುವುದು ಬಿಡುವುದು ನಿಮ್ಮಿಷ್ಟ. ಬೋಡನ್ ಕಾಲೇಜು 1969ರಿಂದ, ಬೇಟ್ಸ್ ಕಾಲೇಜು 1984ರಿಂದ ಹೀಗೇ ನಡೆದುಕೊಂಡು ಬಂದಿವೆ. ವೇಕ್ ಫಾರೆಸ್ಟ್ 2008ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯ 2018ರಲ್ಲಿ ಸೇರಿದವು. ಕೊರೊನಾಕ್ಕೂ ಮೊದಲೇ ಈ ನಿಯಮ ತಂದವರು ಅಂಕವಿಲ್ಲದ ಅರ್ಜಿ ಓದುವುದರಲ್ಲಿ ಪಳಗಿದವರು. ನಮ್ಮ ಅಭಿಪ್ರಾಯದಲ್ಲಿ ಪಟ್ಟಿಯ ಬಹುಪಾಲು ಇಂಥ ಕಾಲೇಜುಗಳೇ ಆಗಿರಬೇಕು.

ನೋಡದ ಗುಂಪು, ಟೆಸ್ಟ್ ಬ್ಲೈಂಡ್: ಕೊಟ್ಟರೂ ಪ್ರವೇಶ ನಿರ್ಧರಿಸುವಾಗ ನೋಡುವುದಿಲ್ಲ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್‌ಗಳೂ ಇಲ್ಲಿಗೆ ಸೇರುತ್ತವೆ. 1100 ಬಂದವರೂ 1580 ಬಂದವರೂ ಅಲ್ಲಿ ಒಂದೇ. ಆದರೆ ಶುಲ್ಕ ನೋಡಿಕೊಂಡೇ ಮುಂದುವರಿಯಿರಿ. ಭಾರತದಿಂದ ಹೋಗುವವರಿಗೆ ಅಲ್ಲಿ ಕುಟುಂಬದ ಆದಾಯ ನೋಡಿ ಕೊಡುವ ನೆರವು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನೀವು ಸೇರುವ ವರ್ಷಕ್ಕೆ ಏನು ನಿಯಮ ಎಂಬುದನ್ನು ಕಾಲೇಜಿನ ಸ್ವಂತ ಪ್ರವೇಶ ಪುಟದಲ್ಲೇ ಓದಿ, ಓದಿದ ದಿನಾಂಕವನ್ನು ಹಾಳೆಯಲ್ಲಿ ಬರೆದಿಡಿ. ಅಲ್ಲೇ ಇನ್ನೂ ಮೂರು ವಿಷಯ ಹುಡುಕಿ: ವಿದೇಶಿ ಅರ್ಜಿದಾರರಿಗೂ ಇದೇ ನಿಯಮವೇ? ನಿಮಗೆ ಬೇಕಾದ ವಿಭಾಗಕ್ಕೂ ಅನ್ವಯವೇ? ವಿದ್ಯಾರ್ಥಿವೇತನಕ್ಕೆ ಅಂಕ ಬೇಕೇ? ಪ್ರವೇಶಕ್ಕೆ ಬೇಡವೆಂದು ಹೇಳಿ ವಿದ್ಯಾರ್ಥಿವೇತನಕ್ಕೆ ಕೇಳುವ ಕಡೆಗಳೂ ಇವೆ. ಅಂಕ ಐಚ್ಛಿಕ ಎಂದಮಾತ್ರಕ್ಕೆ ಟೋಫೆಲ್‌ನಂಥ ಇಂಗ್ಲಿಷ್ ಪರೀಕ್ಷೆಗೂ ವಿನಾಯಿತಿ ಸಿಕ್ಕಿತು ಎಂದುಕೊಳ್ಳಬೇಡಿ. ಅದರ ನಿಯಮವೇ ಬೇರೆ.

4. ಕಳಿಸಬೇಕೇ, ಬೇಡವೇ? ಸಿ9 ನೋಡಿ ತೀರ್ಮಾನಿಸಿ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಅಮೆರಿಕದ ಬಹುತೇಕ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ಅಂಕಿಅಂಶಗಳ ಕಡತ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಸೇರಿಸಿ ಗೂಗಲ್‌ನಲ್ಲಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಎರಡು ಕೋಷ್ಟಕ ಸಾಕು.

ಸಿ7 ಕೋಷ್ಟಕದಲ್ಲಿ ಆ ಕಾಲೇಜು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂದು ಗುರುತು ಹಾಕಿರುತ್ತಾರೆ: ಅತಿ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಪರೀಕ್ಷೆಯ ಅಂಕ "ಪರಿಗಣಿಸುತ್ತೇವೆ" ಸಾಲಿನಲ್ಲಿದ್ದು, ತರಗತಿಯ ಅಂಕ, ಶಿಫಾರಸು ಪತ್ರ, ಪ್ರಬಂಧ "ಅತಿ ಮುಖ್ಯ" ಸಾಲಿನಲ್ಲಿದ್ದರೆ ಆ ಕಾಲೇಜು ನಿಮಗೆ ಸರಿ.

ಸಿ9 ಕೋಷ್ಟಕದಲ್ಲಿ ಅಲ್ಲಿ ಸೇರಿದವರ ಅಂಕಗಳಿವೆ, 25, 50, 75ನೇ ಪರ್ಸೆಂಟೈಲ್ ಎಂದು. ಸೇರಿದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಕಾಲು ಭಾಗ ಮುಗಿಯುವಲ್ಲಿ ನಿಂತವರ ಅಂಕ 25ನೆಯದು, ನಟ್ಟನಡುವಿನವರದು 50ನೆಯದು. ಉದಾಹರಣೆಗೆ ಒಂದು ಕಾಲೇಜಿನ ಸಿ9ರಲ್ಲಿ 1430, 1490, 1540 ಎಂದಿದೆ, ಎಸ್‌ಎಟಿ ಕೊಟ್ಟವರು ಶೇ. 48, ಎಸಿಟಿ ಕೊಟ್ಟವರು ಶೇ. 17 ಎಂದಿದೆ ಅಂದುಕೊಳ್ಳಿ. ಎರಡು ವಿಷಯ ತಿಳಿಯಿತು. ಸುಮಾರು ಮೂರನೇ ಒಂದು ಭಾಗ ಯಾವ ಅಂಕವನ್ನೂ ಕೊಡದೆ ಒಳಗೆ ಹೋಗಿದ್ದಾರೆ. ಮತ್ತು 1430 ಎನ್ನುವುದು ಅಂಕ ಕೊಟ್ಟವರೊಳಗಿನ ಲೆಕ್ಕ ಮಾತ್ರ. ಕಡಿಮೆ ಬಂದವರು ಕೊಡದೇ ಇರುವುದರಿಂದ ಈ ಸಂಖ್ಯೆ ನಿಜಕ್ಕಿಂತ ಉಬ್ಬಿದೆ. ಆದರೆ ಅಂಕ ಕೊಡದೆ ಸೇರಿದವರೆಲ್ಲ ನಿಮ್ಮಂಥವರೇ ಎಂದು ತಿಳಿಯಬೇಡಿ. ಕಾಲೇಜು ತಂಡಕ್ಕೆ ಆಡಲು ಆರಿಸಿದ ಕ್ರೀಡಾಪಟುಗಳೂ ಅದರಲ್ಲಿದ್ದಾರೆ.

ಈ ಕಾಲೇಜಿಗೆ ನಮ್ಮ ಸಲಹೆ ಹೀಗಿರುತ್ತದೆ. 1490 ಅಥವಾ ಮೇಲೆ ಬಂದಿದ್ದರೆ ಕಣ್ಣು ಮುಚ್ಚಿ ಕಳಿಸಿ. 1430ರಿಂದ 1490ರ ನಡುವೆ ಇದ್ದರೂ ಕಳಿಸಿ. ದೂರದ ದೇಶದ, ಅವರು ಹೆಸರೇ ಕೇಳಿರದ ಪಿಯು ಕಾಲೇಜಿನಿಂದ ಅರ್ಜಿ ಬಂದಾಗ ಅವರಿಗೆ ಪರಿಚಿತವಾದ ಒಂದು ಅಳತೆ ಇರುವುದು ಒಳ್ಳೆಯದೇ. 1380ರಿಂದ 1430ರ ನಡುವೆ ಇದ್ದರೆ ನಿಮ್ಮ ಹಿನ್ನೆಲೆ ನೋಡಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುತ್ತಿರುವವರು, ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಆಗಿದ್ದರೆ ಕಳಿಸಿ. ಡಾರ್ಟ್‌ಮತ್ 2024ರಲ್ಲಿ ಕಡ್ಡಾಯವನ್ನು ವಾಪಸ್ ತಂದಾಗ ಕೊಟ್ಟ ಕಾರಣವೂ ಇದೇ: ಅನುಕೂಲ ಕಡಿಮೆಯಿದ್ದ ಮಕ್ಕಳು 1400ರ ಆಸುಪಾಸಿನ ಅಂಕ ಮುಚ್ಚಿಟ್ಟಿದ್ದರು, ತೋರಿಸಿದ್ದರೆ ಅವರಿಗೇ ಸಹಾಯವಾಗುತ್ತಿತ್ತು ಎಂದು ಅವರ ಅಧ್ಯಯನ ಹೇಳಿತು. ಬೆಂಗಳೂರಿನ ದುಬಾರಿ ಇಂಟರ್‌ನ್ಯಾಷನಲ್ ಶಾಲೆಯವರಿಗೆ ಅದೇ 1400 ಅಷ್ಟು ಉಪಕಾರ ಮಾಡದು. 1380ಕ್ಕಿಂತ ಕೆಳಗಿದ್ದರೆ ಈ ಕಾಲೇಜಿಗೆ ಕಳಿಸಬೇಡಿ. ಇನ್ನೊಂದು ಕಾಲೇಜಿನ 25ನೇ ಪರ್ಸೆಂಟೈಲ್ 1300 ಇದ್ದರೆ ಅದೇ ಅಂಕವನ್ನು ಅಲ್ಲಿಗೆ ಕಳಿಸಿ.

5. ಖಾಲಿ ಬಿಟ್ಟ ಜಾಗಕ್ಕೆ ಸಾಕ್ಷಿ ಹೊಂದಿಸಿ

ಅಂಕ ಕೊಡದಿದ್ದರೆ ಓದುವವರ ಕಣ್ಣು ನೇರವಾಗಿ ತರಗತಿಯ ಅಂಕಗಳ ಮೇಲೆ ಬೀಳುತ್ತದೆ. ಇಲ್ಲಿ ನಮ್ಮವರು ಎಡವುವುದು ಪ್ರಥಮ ಪಿಯುಸಿಯಲ್ಲಿ. ಜೆಇಇ, ನೀಟ್ ಕೋಚಿಂಗ್ ಜೊತೆಗೆ ನಡೆಯುವ ಕಾಲೇಜುಗಳಲ್ಲಿ "ಫಸ್ಟ್ ಪಿಯು ಲೆಕ್ಕಕ್ಕಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಅಮೆರಿಕದವರಿಗೆ ಅದು 11ನೇ ತರಗತಿ. ಅರ್ಜಿ ಹಾಕುವ ಹೊತ್ತಿಗೆ ಮುಗಿದಿರುವ ಕೊನೆಯ ಪೂರ್ಣ ವರ್ಷ ಅದೇ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 600 ತೆಗೆದು ಪ್ರಥಮ ಪಿಯುನಲ್ಲಿ ಶೇ. 65ಕ್ಕೆ ಇಳಿದಿದ್ದರೆ ಅವರಿಗೆ ಕಾಣುವುದು ಆ ಇಳಿತವೇ. ಆಗಿಹೋಗಿದ್ದರೆ ದ್ವಿತೀಯ ಪಿಯುಸಿ ಅರ್ಧವಾರ್ಷಿಕದಲ್ಲಿ ಶೇ. 90 ದಾಟಿ ಮೇಲೇರಿದ್ದನ್ನು ತೋರಿಸಲೇಬೇಕು. ಈ ಒಂದು ಪರೀಕ್ಷೆಯನ್ನು ಬೋರ್ಡ್ ಪರೀಕ್ಷೆಯಷ್ಟೇ ಗಂಭೀರವಾಗಿ ಬರೆಯಿರಿ.

ಅಂಕಗಳನ್ನು 4ರ ಜಿಪಿಎಗೆ, ಅಂದರೆ ಅಮೆರಿಕದ ಶಾಲೆಗಳು ಬಳಸುವ ಸರಾಸರಿ ಅಂಕಕ್ಕೆ, ನೀವೇ ಪರಿವರ್ತಿಸಬೇಡಿ. ಶೇ. 85 ಅನ್ನು 85ರ ಲೆಕ್ಕದಲ್ಲೇ ಕೊಡಿ. ನಮ್ಮ ಬೋರ್ಡಿನ ಅಂಕ ಓದುವುದು ಅವರಿಗೆ ಗೊತ್ತು. ಆನ್‌ಲೈನ್ ಪರಿವರ್ತಕಗಳು ಅಂಕವನ್ನು ಕೆಳಗಿಳಿಸಿ ತೋರಿಸುವುದೇ ಹೆಚ್ಚು.

ಹೊರಗಿನ ಸಾಕ್ಷಿಗಳಲ್ಲಿ ಎಪಿ ಪರೀಕ್ಷೆಗೆ ಬೆಲೆ ಜಾಸ್ತಿ. ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುತ್ತದೆ, ನೋಂದಣಿ ಹಿಂದಿನ ನವೆಂಬರಿಗೆ ಮುಗಿಯುತ್ತದೆ. ಹೀಗಾಗಿ ಪ್ರಥಮ ಪಿಯುನಲ್ಲಿರುವಾಗಲೇ ಯೋಚಿಸಬೇಕು. ಭಾರತದ ಅಧಿಕೃತ ಕೇಂದ್ರಗಳಲ್ಲಿ ಖಾಸಗಿಯಾಗಿ ಬರೆಯಬಹುದು. ದ್ವಿತೀಯ ಪಿಯುಸಿ ಗಣಿತದ ಅವಕಲನ, ಅನುಕಲನ, ಅವಕಲ ಸಮೀಕರಣ ಬಲ್ಲವರಿಗೆ ಕ್ಯಾಲ್ಕುಲಸ್ ಎಬಿ ಪತ್ರಿಕೆ ಹೊಸದೇನಲ್ಲ. ಅದರಲ್ಲಿ 5 ಬಂದರೆ ಎಸ್‌ಎಟಿ ಗಣಿತ ಇಲ್ಲದ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಗಣಿತ ಒಲಿಂಪಿಯಾಡಿನ ಮೊದಲ ಹಂತವಾದ ಐಒಕ್ಯೂಎಂ ಸೆಪ್ಟೆಂಬರ್ ಹೊತ್ತಿಗೆ ನಡೆಯುವುದರಿಂದ ಜನವರಿಯ ಅರ್ಜಿಗೆ ಸಿಗುತ್ತದೆ. ಜೆಇಇ ಮೇನ್ ಮೊದಲ ಸುತ್ತು ಜನವರಿಯಲ್ಲಿ, ಸಿಇಟಿ ಏಪ್ರಿಲಿನಲ್ಲಿ. ಎರಡೂ ತಡ. ಅವನ್ನು ನಂಬಿ ಕೂರಬೇಡಿ.

6. ಪ್ರಿನ್ಸಿಪಾಲರನ್ನೂ ಉಪನ್ಯಾಸಕರನ್ನೂ ಆಗಸ್ಟಿನಲ್ಲೇ ಕಾಣಿ

ಕಾಮನ್ ಆ್ಯಪ್ ಎಂಬುದು ಒಂದೇ ಅರ್ಜಿಯಿಂದ 20 ಕಾಲೇಜುಗಳವರೆಗೆ ಹಾಕಬಹುದಾದ ತಾಣ, ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದು "ಕೌನ್ಸೆಲರ್" ಹೆಸರು ಕೇಳುತ್ತದೆ. ಪಿಯು ಕಾಲೇಜುಗಳಲ್ಲಿ ಆ ಹುದ್ದೆಯೇ ಇರುವುದಿಲ್ಲ. ಪ್ರಿನ್ಸಿಪಾಲರ ಅಥವಾ ಉಪಪ್ರಾಂಶುಪಾಲರ ಹೆಸರು ಕೊಡಿ, ಕಾಲೇಜಿನ ಅಧಿಕೃತ ಇಮೇಲ್ ಇದ್ದರೆ ಅದನ್ನೇ ಹಾಕಿ. ಅಂಕಪಟ್ಟಿಗಳನ್ನು ಅಪ್‌ಲೋಡ್ ಮಾಡಬೇಕಾದವರು ಅವರು, ನೀವಲ್ಲ.

ಅವರಿಂದ ಒಂದು ಪುಟದ ಕಾಲೇಜು ಪರಿಚಯವೂ ಬೇಕು. ಒಟ್ಟು ವಿದ್ಯಾರ್ಥಿಗಳೆಷ್ಟು, ಯಾವ ಕಾಂಬಿನೇಷನ್‌ಗಳಿವೆ, ಕಳೆದ ವರ್ಷ 600ಕ್ಕೆ 540 ದಾಟಿದವರೆಷ್ಟು, ಎಪಿ ತರಗತಿ ಇಲ್ಲ ಎಂಬುದು ಅದರಲ್ಲಿರಲಿ. ಕಾಲೇಜಿನಲ್ಲಿ ಇಲ್ಲದ್ದನ್ನು ಏಕೆ ಓದಲಿಲ್ಲ ಎಂದು ಯಾರೂ ಕೇಳುವುದಿಲ್ಲ, ಆದರೆ ಇಲ್ಲ ಎಂಬುದು ಅವರಿಗೆ ತಿಳಿಯಬೇಕು. ನಿಮಗೆ ಬಂದ ಶೇ. 88 ಆ ಕಾಲೇಜಿನಲ್ಲಿ ಮೂರನೇ ಸ್ಥಾನ ಎಂದು ಈ ಪುಟದಿಂದ ಗೊತ್ತಾದರೆ ಅದಕ್ಕೆ ಬರುವ ತೂಕವೇ ಬೇರೆ.

ಶಿಫಾರಸು ಪತ್ರ ಎಂದಕೂಡಲೇ ನಮ್ಮಲ್ಲಿ ನಡತೆ ಪ್ರಮಾಣಪತ್ರದ ಧಾಟಿ ಬಂದುಬಿಡುತ್ತದೆ: "ಈತ ಶಿಸ್ತಿನ ವಿದ್ಯಾರ್ಥಿ, ಗುರುಹಿರಿಯರಲ್ಲಿ ಗೌರವವುಳ್ಳವನು, ಉಜ್ವಲ ಭವಿಷ್ಯ ಹಾರೈಸುತ್ತೇನೆ." ಅಂಕವಿಲ್ಲದ ಅರ್ಜಿಗೆ ಇದು ಕಿಂಚಿತ್ತೂ ನೆರವಾಗದು. ಬೇಕಾಗಿರುವುದು ಇಂಥ ಸಾಲು: "ಭೌತಶಾಸ್ತ್ರ ಲ್ಯಾಬ್‌ನಲ್ಲಿ ಲೋಲಕದ ಪ್ರಯೋಗದ ಉತ್ತರ ಪುಸ್ತಕದ ಬೆಲೆಗೆ ಹೊಂದದಿದ್ದಾಗ ಉಳಿದವರು ಸಂಖ್ಯೆ ತಿದ್ದಿದರು, ಈಕೆ ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಬಿಟ್ಟದ್ದು ತಪ್ಪೆಂದು ಕಂಡುಹಿಡಿದು ಮತ್ತೆ ಮಾಡಿದಳು." ಮೇಷ್ಟ್ರಿಗೆ ಮುನ್ನೂರು ಮಕ್ಕಳಿರುತ್ತಾರೆ, ಎಲ್ಲ ನೆನಪಿರುವುದಿಲ್ಲ. ಅವರ ತರಗತಿಯಲ್ಲಿ ನೀವು ಮಾಡಿದ ನಾಲ್ಕೈದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ.

"ನೀನೇ ಬರ್ಕೊಂಡು ಬಾರಪ್ಪ, ಸಹಿ ಹಾಕ್ತೀನಿ" ಎಂದರೆ ಒಪ್ಪಬೇಡಿ. ಪ್ರಬಂಧದ ಶೈಲಿಯೂ ಪತ್ರದ ಶೈಲಿಯೂ ಒಂದೇ ಎಂದು ಕಂಡರೆ ಅರ್ಜಿಯ ಮೇಲಿನ ನಂಬಿಕೆಯೇ ಹೋಗುತ್ತದೆ. "ಸರ್, ಇಂಗ್ಲಿಷ್ ಹೇಗಿದ್ದರೂ ನಡೆಯುತ್ತೆ, ನಿಮ್ಮ ಮಾತಿನಲ್ಲೇ ಬೇಕು" ಎಂದು ವಿನಯದಿಂದ ಕೇಳಿ, ನಿಜಕ್ಕೂ ನಡೆಯುತ್ತದೆ. ಮತ್ತೊಂದು ಮಾತನ್ನು ಅವರಿಗೆ ಮೊದಲೇ ಹೇಳಬೇಕು: ಪತ್ರದಲ್ಲಿ ಎಸ್‌ಎಟಿ ಅಂಕದ ಪ್ರಸ್ತಾಪ ಬೇಡ. ನೀವು ಮುಚ್ಚಿಟ್ಟ ಅಂಕ ಅವರ ಪತ್ರದಲ್ಲಿ ಹೊರಬಿದ್ದ ಪ್ರಸಂಗಗಳಿವೆ.

7. ಅರ್ಜಿ ತುಂಬುವುದು

ಚಟುವಟಿಕೆಗಳಿಗೆ 10 ಸಾಲು, ಪ್ರತಿ ವಿವರಣೆಗೆ ಖಾಲಿ ಜಾಗವೂ ಸೇರಿ 150 ಅಕ್ಷರ. "ಎನ್ಎಸ್ಎಸ್ ಸ್ವಯಂಸೇವಕ, ಹಲವು ಶಿಬಿರಗಳಲ್ಲಿ ಭಾಗವಹಿಸಿದ್ದೇನೆ" ಎಂದರೆ ಸಾವಿರ ಅರ್ಜಿಗಳಲ್ಲಿ ಒಂದು. "ಊರಿನ ಡೇರಿಯ 64 ಸದಸ್ಯರ ಫ್ಯಾಟ್ ದಾಖಲೆ ಎಕ್ಸೆಲ್‌ಗೆ ಹಾಕಿದೆ, 15 ದಿನದ ಬಟವಾಡೆ ಲೆಕ್ಕದ ತಪ್ಪು ಹುಡುಕಿ ತಿದ್ದಿದೆ" ಎಂಬರ್ಥದ ಇಂಗ್ಲಿಷ್ ಸಾಲು ಲೆಕ್ಕ ಬಲ್ಲ ಹುಡುಗನನ್ನು ತೋರಿಸುತ್ತದೆ. ಮನೆಗೆಲಸ, ತೋಟದ ಕೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಕೂಡ ಚಟುವಟಿಕೆಯೇ, ಸಂಕೋಚವಿಲ್ಲದೆ ಬರೆಯಿರಿ. ವಾರಕ್ಕೆ ಎಷ್ಟು ಗಂಟೆ ಎಂಬುದಕ್ಕೆ ಪ್ರತ್ಯೇಕ ಚೌಕವಿದೆ, ಅದಕ್ಕೆ ಅಕ್ಷರ ವ್ಯರ್ಥ ಮಾಡಬೇಡಿ.

ಮುಖ್ಯ ಪ್ರಬಂಧ 250ರಿಂದ 650 ಪದ. ಅದರಲ್ಲಿ ಪರೀಕ್ಷೆಯ ಮಾತೇ ಬೇಡ.

ಹೆಚ್ಚುವರಿ ಮಾಹಿತಿಯ ಚೌಕದಲ್ಲಿ "ನಾನು ಪರೀಕ್ಷೆಗಳಲ್ಲಿ ಸ್ವಲ್ಪ ವೀಕ್" ಎಂದು ಬರೆಯುವುದು ಸಾಮಾನ್ಯ ತಪ್ಪು. ಅಂಕ ಕಳಿಸದ ಕಾಲೇಜಿಗೆ ಅದರ ಸುದ್ದಿಯನ್ನೇ ಎತ್ತಬೇಡಿ. ಕಳಿಸುತ್ತಿದ್ದರೆ ಸಂಗತಿಯಷ್ಟನ್ನೇ ಬರೆಯಿರಿ: 10ನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಪರೀಕ್ಷಾ ಕೇಂದ್ರ ಊರಿನಿಂದ ಇಷ್ಟು ದೂರ, ಒಂದೇ ಸಲ ಬರೆದದ್ದು. ಮೂರು ಸಾಲು ಸಾಕು, ಮರುಕ ಕೇಳುವ ಧ್ವನಿ ಬೇಡ.

ಈಗ ತಾಂತ್ರಿಕ ಎಚ್ಚರಿಕೆ. ಕಾಮನ್ ಆ್ಯಪ್‌ನ ಪರೀಕ್ಷಾ ವಿಭಾಗದಲ್ಲಿ ಅಂಕ ತುಂಬಿಟ್ಟರೆ ಮುಂದೆ ಸಲ್ಲಿಸುವ ಅರ್ಜಿಗಳಿಗೆಲ್ಲ ಅದು ಹೋಗಬಹುದು. ಕೆಲವು ಕಾಲೇಜುಗಳು ತಮ್ಮ ಪ್ರತ್ಯೇಕ ಪ್ರಶ್ನೆಗಳಲ್ಲಿ "ಅಂಕ ಪರಿಗಣಿಸಬೇಕೇ?" ಎಂದು ಕೇಳುತ್ತವೆ, ಅಲ್ಲಿ ಇಲ್ಲ ಎಂದು ಗುರುತು ಹಾಕಿ. ಆದರೂ ಅತಿ ಸುರಕ್ಷಿತ ಕ್ರಮವೆಂದರೆ ಅಂಕ ಕಳಿಸದ ಕಾಲೇಜುಗಳ ಅರ್ಜಿಗಳನ್ನು ಮೊದಲು ಸಲ್ಲಿಸಿ, ಆಮೇಲೆ ಅಂಕ ತುಂಬಿ, ಉಳಿದವನ್ನು ಸಲ್ಲಿಸುವುದು. ಒಂದು ಅರ್ಜಿ ಹೋದ ಮೇಲೂ ಮುಖ್ಯ ವಿಭಾಗಗಳನ್ನು ತಿದ್ದಲು ಅವಕಾಶವಿದೆ. ಪ್ರತಿ ಸಲ ಸಲ್ಲಿಸುವ ಮೊದಲು ತೋರಿಸುವ ಪಿಡಿಎಫ್ ಅನ್ನು ಕೊನೆಯ ಪುಟದವರೆಗೆ ಓದಿ.

ಕ್ಯಾಲಿಫೋರ್ನಿಯಾದ್ದು ಬೇರೆಯೇ ಅರ್ಜಿ. 8 ಪ್ರಶ್ನೆಗಳಲ್ಲಿ 4ಕ್ಕೆ ತಲಾ 350 ಪದದ ಉತ್ತರ, ಸಾಮಾನ್ಯವಾಗಿ ಶಿಫಾರಸು ಪತ್ರ ಕೇಳುವುದಿಲ್ಲ, ಗಡುವು ನವೆಂಬರ್ ಕೊನೆಯ ಹೊತ್ತಿಗೆ. ಅಲ್ಲಿ ಅಂಕವೂ ಇಲ್ಲ, ಪತ್ರವೂ ಇಲ್ಲ. ಇರುವುದೆಲ್ಲ ತರಗತಿಯ ಅಂಕ, ಚಟುವಟಿಕೆ ಮತ್ತು ಈ ನಾಲ್ಕು ಉತ್ತರ.

8. ಬೇಗ ಹಾಕುವುದು ಮತ್ತು ಹಣದ ಲೆಕ್ಕ

ಅರ್ಲಿ ಡಿಸಿಷನ್ ಎಂದರೆ ಒಂದೇ ಕಾಲೇಜಿಗೆ ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಹಾಕಿ, ಸೀಟು ಸಿಕ್ಕರೆ ಸೇರಿಯೇ ಸೇರುತ್ತೇನೆ ಎಂದು ಮಾತು ಕೊಡುವುದು. ಹಲವು ಕಾಲೇಜುಗಳಲ್ಲಿ ಇಲ್ಲಿ ಆಯ್ಕೆಯಾಗುವವರ ಪ್ರಮಾಣ ಹೆಚ್ಚು. ಕಾಮನ್ ಡೇಟಾ ಸೆಟ್‌ನ ಸಿ21ರಲ್ಲಿ ಸಂಖ್ಯೆ ನೋಡಬಹುದು. ಅಂಕ ಕಡಿಮೆಯಿರುವವರಿಗೆ ಇದು ಒಳ್ಳೆಯ ಅವಕಾಶ. ಆದರೆ ಮನೆಯಲ್ಲಿ ಕೂತು ಹಣದ ಮಾತು ಮುಗಿಸದೆ ಸಹಿ ಮಾಡಬೇಡಿ. ಕೊಟ್ಟ ನೆರವು ಸಾಲದೆ ಹೋದರೆ ಬಿಡಿಸಿಕೊಳ್ಳಲು ದಾರಿಯಿದೆ, ಬೇರೆ ಕಾಲೇಜುಗಳ ನೆರವಿನ ಜೊತೆ ತಾಳೆ ನೋಡಲು ಮಾತ್ರ ಅವಕಾಶವಿರುವುದಿಲ್ಲ.

ಹೆಚ್ಚಿನ ಕಾಲೇಜುಗಳು ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎಂಬುದನ್ನು ನೋಡಿಯೇ ಪ್ರವೇಶ ನಿರ್ಧರಿಸುತ್ತವೆ. ಕಡಿಮೆ ಅಂಕದ ಜೊತೆ ದೊಡ್ಡ ನೆರವಿನ ಕೋರಿಕೆಯೂ ಸೇರಿದರೆ ಅರ್ಜಿ ಇನ್ನಷ್ಟು ಭಾರವಾಗುತ್ತದೆ. ಇದನ್ನು ನೋಡದೆ ನಿರ್ಧರಿಸುವ ಕೆಲವೇ ಕಾಲೇಜುಗಳಲ್ಲಿ ಬೋಡನ್ ಒಂದು, ಅಂಕವೂ ಅಲ್ಲಿ ಐಚ್ಛಿಕ. ಆದರೆ ಅಲ್ಲಿ ನೂರರಲ್ಲಿ ಹತ್ತು ಜನರಿಗೂ ಸೀಟು ಸಿಗುವುದಿಲ್ಲ.

ಪಟ್ಟಿ 8ರಿಂದ 10 ಕಾಲೇಜಿಗೆ ನಿಲ್ಲಲಿ. ಎರಡು ಎಟುಕದ ಎತ್ತರದವು, ನಾಲ್ಕೈದು ಸಮಬಲದವು, ಎರಡಾದರೂ ನಿಮ್ಮ ಅಂಕ 75ನೇ ಪರ್ಸೆಂಟೈಲಿಗಿಂತ ಮೇಲಿರುವ, ಖರ್ಚೂ ಭರಿಸಬಹುದಾದ ಕಾಲೇಜುಗಳು. ಸಿಇಟಿ, ಕಾಮೆಡ್‌ಕೆ ದಾರಿಯನ್ನು ಮುಚ್ಚಿಕೊಳ್ಳಬೇಡಿ.

9. ಸಲ್ಲಿಸಿದ ಮೇಲೆ

ಕೆಲವೇ ದಿನಗಳಲ್ಲಿ ಪ್ರತಿ ಕಾಲೇಜಿನಿಂದ ಪೋರ್ಟಲ್‌ನ ಲಾಗಿನ್ ಬರುತ್ತದೆ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಅಂಕ ಬೇಡವೆಂದು ಹಾಕಿದ್ದರೂ "ಎಸ್‌ಎಟಿ ಬಂದಿಲ್ಲ" ಎಂದು ತೋರಿಸಿದರೆ ಗಾಬರಿಯಾಗಿ ಕಳಿಸಬೇಡಿ. ಪ್ರವೇಶ ಕಚೇರಿಗೆ ಎರಡು ಸಾಲಿನ ಇಮೇಲ್ ಬರೆದು ಐಚ್ಛಿಕ ಎಂದು ಗುರುತು ಮಾಡಿಸಿ. ಡಿಸೆಂಬರಿನಲ್ಲಿ ಒಳ್ಳೆಯ ಅಂಕ ಬಂದು ಮನಸ್ಸು ಬದಲಾದರೆ ತಡಮಾಡದೆ ಕೇಳಿ, ಹಲವರು ಸೇರಿಸಿಕೊಳ್ಳುತ್ತಾರೆ. ಕೊಟ್ಟ ಅಂಕವನ್ನು ಓದಲು ಶುರು ಮಾಡಿದ ಮೇಲೆ ವಾಪಸ್ ತೆಗೆದುಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ.

ಜನವರಿ, ಫೆಬ್ರವರಿಯಲ್ಲಿ ಪ್ರಿನ್ಸಿಪಾಲರು ಅರ್ಧವರ್ಷದ ವರದಿ ಕಳಿಸಬೇಕು. ಪ್ರಿಪರೇಟರಿ ಪರೀಕ್ಷೆಗಳ ಗಡಿಬಿಡಿಯಲ್ಲಿ ಮರೆತುಹೋಗುವ ಕಡತ ಇದೇ, ನೆನಪಿಸುವ ಹೊಣೆ ನಿಮ್ಮದು. ಫಲಿತಾಂಶ ಮಾರ್ಚ್ ಕೊನೆಯ ಹೊತ್ತಿಗೆ, ಅಂದರೆ ದ್ವಿತೀಯ ಪಿಯುಸಿ ಪರೀಕ್ಷೆಯ ದಿನಗಳ ಹತ್ತಿರವೇ ಬರುತ್ತದೆ. ಉತ್ತರ ಏನೇ ಬರಲಿ, ಪರೀಕ್ಷೆ ಮುಗಿಯುವವರೆಗೆ ಪೋರ್ಟಲ್ ತೆರೆಯದಿರುವುದು ಒಳ್ಳೆಯದು. ಸೇರುವುದಾಗಿ ತಿಳಿಸಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯವಿರುತ್ತದೆ. ಸೀಟು ಸಿಕ್ಕಿತೆಂದು ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂತಿಮ ಅಂಕಪಟ್ಟಿ ಅವರಿಗೆ ಹೋಗಲೇಬೇಕು, ಅಂಕ ತೀರಾ ಕುಸಿದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಹಕ್ಕು ಅವರಿಗಿದೆ.